ಉಪ್ಪಿನಕಾಯಿ ಜಾಡಿಯ ಸೂರ್ಯ

“ಅಲ್ಲ ಕಣಕ್ಕ, ಉಪ್ಪಿನಕಾಯಿ ಜಾಡಿಗೆ ಸೂರ್ಯನ್ನ ತುಂಬ್ಕೊಂಡು ಕೂತವ್ರಲ್ಲ, ಇನ್ನು ನೆಲ್ಲಿಕಾಯ್ನ ಎಲ್ಲಿಗೆ ಹಾಕ್ಲಿ, ಇವ್ರ ತಲೆ ಮ್ಯಾಲಾ?” ಎಂದಳು ತಾಯಮ್ಮ.

ನನ್ನ ಹಲ್ಲಿನ ನಡುವೆ ಗುಂಡುಸೂಜಿ ಇದ್ದದ್ದರಿಂದ ನಾನು ಬರೀ “ಹ್ಞೂಂ” ಅಂದೆ.

“ಖಾಲಿ ಬಿದ್ದಿತ್ತು ಕಣಮ್ಮಿ!” ಗೋಡೆಯಾಚೆಯಿಂದ ಅವಳ ಗಂಡ ಚೆಲುವಯ್ಯನವರ ದನಿ ಬಂತು.

“ತೊಳ್ದು ಇಟ್ಟಿದ್ದೆ! ತೊಳ್ದು ಇಡೋದಕ್ಕೂ ಖಾಲಿ ಬೀಳೋದಕ್ಕೂ ವ್ಯತ್ಯಾಸ ಗೊತ್ತಿಲ್ವಾ ನಿಮ್ಗೆ?”

“ಪಂಕಜಕ್ಕ, ಅವಳ ಮಾತು ಬುಡಿ, ನೀವು ಬನ್ನಿ! ಭಟ್ರೂ ಬಂದವ್ರೆ. ಒಂದೇ ಸಲ ತೋರ್ಸೋದು, ಆಮೇಲೆ ನೋಡ್ಲಿಲ್ಲ ಅನ್ಬೇಡಿ!”

ಗುಂಡುಸೂಜಿ ತೆಗೆದಿಟ್ಟು ಎದ್ದೆ. ಹೋಗದೆ ಇದ್ದರೂ ಕೇಳಿಸುವುದು ತಪ್ಪುವುದಿಲ್ಲ, ನಮ್ಮ ಗೋಡೆಗಳು ಅಂಥವು. ಗೋಪಾಲಸ್ವಾಮಿ ದೇವಸ್ಥಾನದ ಬೀದಿಯಲ್ಲಿ ನನ್ನದು ಹೊಲಿಗೆಯವಳ ಮನೆ. ಎಡಕ್ಕೆ ಚೆಲುವಯ್ಯ, ತಾಯಮ್ಮ. ಬಲಕ್ಕೆ, ಬೀದಿಯ ಪೂರ್ವದ ತುದಿಯಲ್ಲಿ, ದೇವಸ್ಥಾನದ ಅರ್ಚಕರು ಸೌಮ್ಯ ಭಟ್ಟರು ಮತ್ತು ಅವರ ಹೆಂಡತಿ ಅಲಮೇಲು. ಎರಡೂ ಮನೆಯ ಜಗಳ ನನ್ನ ಮನೆಯ ನಡುವೆ ಹಾದುಹೋಗುತ್ತದೆ. ನಾನು ಮಷೀನು ತುಳಿಯುತ್ತಾ ಕೇಳುತ್ತೇನೆ.

ಚೆಲುವಯ್ಯನವರು ಊರಿನ ಟೆಂಟ್ ಸಿನಿಮಾದಲ್ಲಿ ಇಪ್ಪತ್ತೆಂಟು ವರ್ಷ ಪ್ರೊಜೆಕ್ಟರ್ ಓಡಿಸಿದವರು. ಟೆಂಟು ಮುಚ್ಚಿದಾಗ ಯಜಮಾನರು “ಏನು ಬೇಕೋ ತಗೊಂಡ್ಹೋಗು” ಅಂದರಂತೆ. ಇವರು ಕನ್ನಡಿ, ಗಾಜು, ಚಕ್ರ, ಪೆಟ್ಟಿಗೆ ಎಲ್ಲವನ್ನೂ ಎರಡು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಅಂದಿನಿಂದ ಯಂತ್ರ ಕಂಡುಹಿಡಿಯುವುದೇ ಕೆಲಸ. ತಾನೇ ಮಗುಚುವ ದೋಸೆ ಕಾವಲಿ ಮಾಡಿದ್ದರು. ಅದು ಮಗುಚಿದ ಮೊದಲ ದೋಸೆ ನಮ್ಮ ಮನೆಯ ಕಿಟಕಿಯಿಂದ ಒಳಗೆ ಬಂದು ಬಿತ್ತು. ಚೆನ್ನಾಗಿತ್ತು.

ಈ ಸಲದ ಯಂತ್ರ ಮಾತ್ರ ಭಟ್ಟರಿಗೋಸ್ಕರ ಹುಟ್ಟಿದ್ದು. ಅವರ ಕಷ್ಟ ಬೀದಿಗೆಲ್ಲ ಗೊತ್ತಿತ್ತು. ಧನುರ್ಮಾಸ ನಡೆಯುತ್ತಿತ್ತಲ್ಲ, ಆ ತಿಂಗಳು ಪೂರ್ತಿ ಸೂರ್ಯ ಹುಟ್ಟುವುದರೊಳಗೆ ದೇವರ ಪೂಜೆ ಮುಗಿದು, ಹುಗ್ಗಿ ನೈವೇದ್ಯವಾಗಿ, ಮಂಗಳಾರತಿ ಆಗಬೇಕು. ಹೊತ್ತು ಹುಟ್ಟಿದ ಮೇಲೆ ಮಾಡಿದರೆ ಫಲವಿಲ್ಲ. ಅಂದರೆ ಅರ್ಚಕರು ಆ ಚಳಿಯಲ್ಲಿ ಬೆಳಗಿನ ನಾಲ್ಕಕ್ಕೆ ಏಳಬೇಕು.

“ಏಳೋದು ಕಷ್ಟ ಅಲ್ಲಮ್ಮ ಪಂಕಜಮ್ಮ,” ಭಟ್ಟರು ಚೆಲುವಯ್ಯನವರ ನಡುಮನೆಯಲ್ಲಿ ಕೂತು ಆಕಳಿಸುತ್ತ ಹೇಳಿದರು. “ಗಡಿಯಾರ ಹೊಡ್ಕೊಳ್ಳತ್ತೆ, ನಾನು ಏಳ್ತೀನಿ. ಆದ್ರೆ ನಾನು ಎದ್ದಿದೀನಿ ಅನ್ನೋದು ನನಗೆ ಗೊತ್ತಾಗೋಕ್ಕೆ ಒಂದೂವರೆ ಗಂಟೆ ಬೇಕು.”

ಅದು ನಿಜ. ಆ ಒಂದೂವರೆ ಗಂಟೆಯಲ್ಲಿ ಅವರ ಕೈಕಾಲು ತಮ್ಮ ಪಾಡಿಗೆ ಪೂಜೆ ಮಾಡುತ್ತಿದ್ದವು. ಹೋದ ವಾರ ಭಕ್ತರ ತಲೆಯ ಮೇಲೆ ಶಠಾರಿ ಎಂದು ಅವರು ಇಟ್ಟದ್ದು ಹುಗ್ಗಿ ಬಡಿಸುವ ಸೌಟು. ಅದರ ಮಾರನೆಯ ದಿನ ತೀರ್ಥದ ಬಟ್ಟಲು ಬಿಟ್ಟು ದೀಪದ ಎಣ್ಣೆಯ ಬಟ್ಟಲಿನಿಂದ ಉದ್ಧರಣೆ ತುಂಬಿ ತುಂಬಿ ಕೊಟ್ಟರು. ಸಾಲಿನಲ್ಲಿ ಮೊದಲು ನಿಂತಿದ್ದವರು ದೇವಸ್ಥಾನದ ಕಮಿಟಿಯ ಅಧ್ಯಕ್ಷರಾದ ಮರಿಗೌಡ ಮೇಷ್ಟ್ರು. ಮೂರು ಸಲ ಕುಡಿದು ಕೈಯನ್ನು ತಲೆಗೆ ಸವರಿಕೊಂಡರು. ತಲೆಗೆ ಸವರಿಕೊಂಡದ್ದು ಮಾತ್ರ ಸರಿಯಾಗಿತ್ತು.

ಇಷ್ಟೆಲ್ಲ ಗಡಿಬಿಡಿಯಲ್ಲಿ ಮೂರು ದಿನ ಪೂಜೆ ಮುಗಿಯುವಷ್ಟರಲ್ಲಿ ಗೋಪುರದ ಕಳಶಕ್ಕೆ ಬಿಸಿಲು ಬಿದ್ದೇಬಿಟ್ಟಿತು. ಮೇಷ್ಟ್ರು ಕಟ್ಟುನಿಟ್ಟಿನ ಮನುಷ್ಯ. ಹೇಳಿಬಿಟ್ಟರು: “ಇನ್ನೊಂದೇ ಒಂದು ದಿನ ಮಂಗಳಾರತಿಗೆ ಮುಂಚೆ ಕಳಶದ ಮೇಲೆ ಬಿಸಿಲು ಕಂಡ್ರೆ, ಮಾರನೇ ದಿನದಿಂದ ನಿಮ್ಮ ದಾಯಾದಿ ವರದಣ್ಣಂಗೆ ಹೇಳ್ಕಳಿಸ್ತೀನಿ. ಪಕ್ಕದೂರಿಂದ ಸ್ಕೂಟರ್ನಾಗೆ ಬಂದು ಮಾಡ್ಕೊಂಡು ಹೋಗ್ತಾರೆ.”

ಐದು ತಲೆಮಾರಿನಿಂದ ಆ ಮನೆಯವರೇ ಬಾಗಿಲು ತೆಗೆದ ದೇವಸ್ಥಾನ. ಅಲಮೇಲು ಅವತ್ತಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

“ಗಂಟೆ ಹೊಡೆದು ಎಬ್ಬಿಸೋದು ತಪ್ಪು ಕಣ್ ಸ್ವಾಮಿ!” ಚೆಲುವಯ್ಯನವರು ಕಿಟಕಿಗಳನ್ನೆಲ್ಲ ಮುಚ್ಚಿದರು. “ಗಂಟೆ ಹೊಡುದ್ರೆ ಕಿವಿ ಏಳ್ತದೆ, ಮಿಕ್ಕಿದ್ದು ಮಲಗಿರ್ತದೆ. ಬೆಳಕು ಬಿದ್ರೆ ಹಂಗಲ್ಲ. ಮೆತ್ತಗೆ, ಒಂದೊಂದೇ ಎಳೆ ಬೆಳಕು ಕಣ್ರೆಪ್ಪೆ ಮ್ಯಾಲೆ ಬಿದ್ರೆ, ಮೈಯೆಲ್ಲ ಒಟ್ಟಿಗೇ ಏಳ್ತದೆ. ಕೋಳಿ ಹಂಗೇ ತಾನೆ ಏಳೋದು? ಯಾವುದಾದ್ರೂ ಕೋಳಿ ಆಕಳಿಸೋದು ನೋಡಿದ್ದೀರಾ?”

ಯಾರೂ ನೋಡಿರಲಿಲ್ಲ.

ಮೇಜಿನ ಮೇಲೆ ತಾಯಮ್ಮನ ಗಾಜಿನ ಜಾಡಿ. ಒಳಗೆ ಕಡುನೀಲಿಯ ಗಂಜಿಯಂಥದ್ದು. ಸುತ್ತ ಪ್ರೊಜೆಕ್ಟರಿನ ಪೆಟ್ಟಿಗೆ, ಮುಂದೆ ಒಂದು ಪುಟ್ಟ ಬಾಗಿಲು, ಆ ಬಾಗಿಲಿಗೆ ದಾರ, ದಾರಕ್ಕೊಂದು ಟೈಂಪೀಸು.

“ಇದು ಸೋಲಾರ್ ಅಲ್ಲ. ಸೋಲಾರು ಬಿಸಿಲ್ನ ಕರೆಂಟ್ ಮಾಡಿ ಕೆಡಿಸ್ತದೆ. ನಂದು ಬಿಸಿಲ್ನ ಬಿಸಿಲಾಗೇ ಕುಡಿದು ಇಟ್ಕತದೆ. ಎರಡು ದಿವಸ ಬೆಳಿಗ್ಗೆ ಹೊತ್ತು ಮಾಳಿಗೆ ಮ್ಯಾಲಿಟ್ಟು ತುಂಬ್ಸಿವ್ನಿ!”

“ಅದಕ್ಕೇ ನನ್ನ ಸಂಡಿಗೆ ಒಣಗ್ಲಿಲ್ಲ!” ತಾಯಮ್ಮ ಕೂಗಿದಳು. “ಪಕ್ಕದಲ್ಲೇ ಹಾಕಿದ್ದೆ. ಎರಡು ದಿನದಿಂದ ಹಿಟ್ಟು ಹಿಟ್ಟಾಗೇ ಐತೆ! ನನ್ನ ಸಂಡಿಗೆ ಬಿಸಿಲ್ನೂ ಕುಡುದದೆ ನಿಮ್ಮ ಜಾಡಿ!”

“ನೋಡುದ್ರಾ? ಎಷ್ಟು ಚೆನ್ನಾಗಿ ಕೆಲಸ ಮಾಡ್ತದೆ!” ಅಂದರು ಚೆಲುವಯ್ಯ.

ಟೈಂಪೀಸು ಟಿಕ್ ಎಂದಿತು. ಬಾಗಿಲು ಕೂದಲೆಳೆಯಷ್ಟು ಸರಿಯಿತು. ಕತ್ತಲ ಕೋಣೆಯ ಗೋಡೆಯ ಮೇಲೆ ಮೊದಲು ಬೂದಿ ಬಣ್ಣ, ಆಮೇಲೆ ದಾಳಿಂಬೆ ಕಾಳಿನ ಬಣ್ಣ, ಆಮೇಲೆ ಕಿತ್ತಳೆ. ಮುಖಕ್ಕೆ ಬೆಚ್ಚಗಾಯಿತು. ನಿಜ ಹೇಳುತ್ತೇನೆ, ನನಗೂ ಒಂದು ಕ್ಷಣ ಬಾಗಿಲಿಗೆ ನೀರು ಹಾಕಬೇಕು ಅನ್ನಿಸಿತು. ಭಟ್ಟರು ಅರ್ಧಕ್ಕೆ ಬಂದಿದ್ದ ಆಕಳಿಕೆಯನ್ನು ಅಲ್ಲೇ ಮುಚ್ಚಿ ನೆಟ್ಟಗೆ ಕೂತರು. ಗೋಡೆಯ ಮೇಲಿನ ಕ್ಯಾಲೆಂಡರನ್ನು ದೂರದಿಂದಲೇ, ಕನ್ನಡಕವಿಲ್ಲದೆ, ಅಚ್ಚುಮಾಡಿದ ಪ್ರೆಸ್ಸಿನ ಹೆಸರಿನ ತನಕ ಓದಿದರು!

“ಚೆಲುವಯ್ಯ, ನನಗೆ ಎಚ್ಚರ ಆಗಿದೆ!” ಎಂದರು. ಆ ದನಿ ಕೇಳಿ ಅಲಮೇಲು ಬಾಗಿಲಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಆಕೆ ಅದನ್ನು ಕೇಳಿದ್ದು ಅದೇ ಮೊದಲಂತೆ.

*

ಮಾರನೆಯ ಬೆಳಗ್ಗೆ ನಾಲ್ಕಕ್ಕೆ ನನ್ನ ಬಲಗಡೆ ಗೋಡೆಯ ಬಿರುಕಿನಲ್ಲಿ ಬೆಳಕು ಕಂಡಿತು. ಭಟ್ಟರು ಹಾಡಿಕೊಳ್ಳುತ್ತ ಎದ್ದದ್ದು ಕೇಳಿಸಿತು. ನೀರು ಹುಯ್ದುಕೊಂಡದ್ದು, ಪಂಚೆ ಕೊಡವಿದ್ದು ಎಲ್ಲ ಎಚ್ಚರವಿದ್ದವರ ಸದ್ದೇ. ಜಾಡಿ ಗೆದ್ದಿತು ಅಂದುಕೊಂಡು ಹೊದ್ದು ಮಲಗಿದೆ.

ಮಲಗಲಾಗಲಿಲ್ಲ. ತಾಯಮ್ಮನ ಹುಂಜ ಕೂಗಿತು. ಎದುರುಮನೆ ಹುಂಜ ಉತ್ತರ ಕೊಟ್ಟಿತು. ಬೀದಿಯಲ್ಲಿ ಚರಚರ ಕಸ ಗುಡಿಸುವ ಸದ್ದು, ನೀರು ಎರಚುವ ಸದ್ದು! ಹೊರಗೆ ಬಂದು ನೋಡಿದರೆ ಬೀದಿಗೆ ಬೀದಿಯೇ ಎದ್ದಿತ್ತು.

ಆದದ್ದಿಷ್ಟೇ. ಭಟ್ಟರು ಮಲಗುವ ಕೋಣೆಗೆ ಮಾಡಿನಲ್ಲಿ ಎರಡು ಗಾಜಿನ ಹೆಂಚುಗಳಿವೆ. ಜಾಡಿಯ ಬೆಳಕು ಅದರ ಮೂಲಕ ಮೇಲೆ ಹೋಗಿತ್ತು. ಮೇಲೆ ಧನುರ್ಮಾಸದ ಮಂಜು ಗಟ್ಟಿಯಾಗಿ ಕವಿದಿತ್ತು. ಮಂಜೆಲ್ಲ ಕೆಂಪಗೆ ಹೊತ್ತಿಕೊಂಡಂತಾಗಿ, ಬೀದಿಯ ಪೂರ್ವದ ತುದಿಯಲ್ಲಿ ಸಾಕ್ಷಾತ್ ಅರುಣೋದಯ!

ದೇವಸ್ಥಾನದ ಮೆಟ್ಟಿಲ ಮೇಲೆ ಮಫ್ಲರ್ ಸುತ್ತಿಕೊಂಡು ಮರಿಗೌಡ ಮೇಷ್ಟ್ರು ನಿಂತಿದ್ದರು. ಒಂದು ಕೈಯಲ್ಲಿ ಪಂಚಾಂಗ, ಇನ್ನೊಂದು ಕೈಯಲ್ಲಿ ಮಣಿಕಟ್ಟಿನಿಂದ ಬಿಚ್ಚಿದ ಗಡಿಯಾರ.

“ಮೇಷ್ಟ್ರೇ, ಇನ್ನೂ ನಾಲ್ಕೂಕಾಲು,” ಅಂದೆ.

“ನಂದೂ ಅದೇ ತೋರಿಸ್ತಾ ಐತೆ. ನಿಮ್ಮದೂ ಕೆಟ್ಟದೆ, ನಂದೂ ಕೆಟ್ಟದೆ.” ಮೇಷ್ಟ್ರು ಪಂಚಾಂಗಕ್ಕೆ ಬೆರಳಿಟ್ಟರು. “ಇವತ್ತು ಸೂರ್ಯೋದಯ ಆರು ನಲವತ್ತು. ಸೂರ್ಯ ಕಾಣ್ತಾವ್ನೆ. ಆದ್ದರಿಂದ ಈಗ ಆರು ನಲವತ್ತು!” ಎಂದು ಗಡಿಯಾರದ ಕೀಲಿ ತಿರುಗಿಸಿ ಮುಳ್ಳನ್ನು ಅಲ್ಲಿಗೆ ತಂದು ನಿಲ್ಲಿಸಿದರು. ನಲವತ್ತು ವರ್ಷ ಲೆಕ್ಕ ಕಲಿಸಿದವರು.

ಅಷ್ಟರಲ್ಲಿ ಭಟ್ಟರು ಮಡಿ ಉಟ್ಟು, ಎಳೆದ ತಿರುನಾಮ ಇನ್ನೂ ಹಸಿಹಸಿಯಾಗಿ ಹೊಳೆಯುತ್ತ, ಚುರುಕಾಗಿ ನಡೆದು ಬಂದರು.

“ಇವತ್ತೂ ತಡ!” ಮೇಷ್ಟ್ರು ಗುಡುಗಿದರು.

“ಇಷ್ಟು ಬೇಗ ನಾನು ಜನ್ಮದಲ್ಲೇ ಬಂದಿಲ್ಲ ಮೇಷ್ಟ್ರೇ!”

“ಹಿಂದೆ ತಿರುಗಿ ನೋಡಿ!”

ಭಟ್ಟರು ತಿರುಗಿ ನೋಡಿದರು. ಅವರ ಮನೆಯ ಮೇಲೆಯೇ ಸೂರ್ಯ ಹುಟ್ಟುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ಜಾಡಿ ಖಾಲಿಯಾಯಿತು. ಕೆಂಪು ಮಂಕಾಗಿ, ಬೂದಿಯಾಗಿ, ಫಕ್ಕನೆ ಕತ್ತಲು!

“ಗ್ರಹಣ!” ಎಂದು ಯಾರೋ ಕಿರುಚಿದರು.

“ಪಂಚಾಂಗದಾಗೆ ಇಲ್ವಲ್ಲ…” ಮೇಷ್ಟ್ರು ಕತ್ತಲಲ್ಲೇ ಹಾಳೆ ಮಗುಚಿದರು. “ಇಲ್ಲದಿದ್ರೂ ಕಣ್ಣೆದುರಿಗೆ ಆಗಿರೋದು ಗ್ರಹಣಾನೇ. ಹಾಕ್ರಯ್ಯ ದೇವಸ್ಥಾನದ ಬಾಗಿಲು! ಗ್ರಹಣ ಬಿಡೋಗಂಟ ಪೂಜೆ ಇಲ್ಲ!”

ಬಾಗಿಲು ಹಾಕಿದರು. ಹೆಂಗಸರು ಮನೆಗೆ ಓಡಿ ಹಾಲು ಮೊಸರಿನ ಪಾತ್ರೆಗಳಿಗೆ ದರ್ಭೆ ಹಾಕಿದರು. ಎರಡು ಗಂಟೆ ಜನ ಅಲ್ಲೇ ಚಳಿಯಲ್ಲಿ ಕೂತು ಭಜನೆ ಮಾಡಿದರು. ಆರು ನಲವತ್ತಕ್ಕೆ ಆಕಾಶದ ಸೂರ್ಯ ತನ್ನ ಪಾಡಿಗೆ ತಾನು ಹುಟ್ಟಿದ. ಗ್ರಹಣ ಬಿಟ್ಟಿತೆಂದು ಎಲ್ಲರೂ ತಲೆಗೆ ನೀರು ಹಾಕಿಕೊಂಡು ಬಂದರು. ಬಾಗಿಲು ತೆಗೆದಾಗ ಕಳಶದ ಮೇಲೆ ಹೊನ್ನಿನಂಥ ಬಿಸಿಲು.

ಭಟ್ಟರು ಗರುಡಗಂಬಕ್ಕೆ ಒರಗಿ ನಿಂತುಬಿಟ್ಟರು. ಜೀವಮಾನದಲ್ಲಿ ಮೊದಲ ಸಲ ಸಂಪೂರ್ಣ ಎಚ್ಚರವಿದ್ದದ್ದರಿಂದ ಅವರಿಗೆ ಎಲ್ಲವೂ ಸ್ಪಷ್ಟವಾಗಿ ಅರ್ಥವಾಗುತ್ತಿತ್ತು.

ಚೆಲುವಯ್ಯನವರು ಸುಮ್ಮನಿದ್ದಿದ್ದರೆ ತಪ್ಪೆಲ್ಲ ಗ್ರಹಣದ ಮೇಲೆಯೇ ಹೋಗುತ್ತಿತ್ತೇನೋ. ಆದರೆ ಜನ ಗ್ರಹಣವನ್ನು ಹೊಗಳುವುದು ಅವರಿಗೆ ತಡೆಯಲಿಲ್ಲ.

“ಯಾವ ಗ್ರಹಣ? ಅದು ನನ್ನ ಸೂರ್ಯ!” ಎಂದು ಎದೆ ತಟ್ಟಿಕೊಂಡು ಮುಂದೆ ಬಂದರು.

“ನಮ್ಮ ಜಾಡಿ!” ತಾಯಮ್ಮ ತಿದ್ದಿದಳು.

ಆಮೇಲೆ ಜಗಳ. ಅದನ್ನು ಬರೆಯುವುದಿಲ್ಲ, ಹನ್ನೊಂದರ ತನಕ ನಡೆಯಿತು. ಕೊನೆಗೆ ಅಲಮೇಲು ಮೇಷ್ಟ್ರ ಮುಂದೆ ಬಂದು ನಿಂತು, “ಇವರು ನಾಲ್ಕಕ್ಕೇ ಎದ್ದು ಬಂದಿದ್ದು ನೀವೇ ನೋಡಿದೀರಿ. ಬಾಗಿಲು ಹಾಕಿಸಿದ್ದು ನೀವು. ಇವರದೇನು ತಪ್ಪು?” ಎಂದಳು.

ಮೇಷ್ಟ್ರು ಮಫ್ಲರಿನ ಅಂಚು ಎಳೆದುಕೊಂಡರು. “ಆಯ್ತಮ್ಮ. ನಾಳೆ ಒಂದು ದಿನ. ನಾಳೆ ಕಳಶಕ್ಕೆ ಬಿಸಿಲು ಬೀಳೋ ಮುಂಚೆ ಮಂಗಳಾರತಿ ಆದ್ರೆ ಹಿಂದಿಂದೆಲ್ಲ ಮರೀತೀನಿ. ಆಗದಿದ್ರೆ ವರದಣ್ಣ. ಅವರೂ ನಾಳೆ ಬಂದು ನಿಂತಿರ್ತಾರೆ, ನಾನು ಹೇಳ್ಕಳಿಸಿಬಿಟ್ಟಿದ್ದೀನಿ.”

*

“ಈ ಸಲ ಬೆಳಕು ಆಚೆ ಒಂದು ಚೂರೂ ಹೋಗಾಕಿಲ್ಲ,” ಅಂದರು ಚೆಲುವಯ್ಯ. ಸೀಮೆಎಣ್ಣೆ ಡಬ್ಬ ಬಿಡಿಸಿ ತಗಡಿನ ಕೊಳವೆ ಮಾಡಿದ್ದರು. ಒಂದು ತುದಿ ಜಾಡಿಗೆ, ಇನ್ನೊಂದು ತುದಿ ನೇರ ಭಟ್ಟರ ಮುಖಕ್ಕೆ.

ನಾನು ಕೊಳವೆಯ ಬಾಯಿಗೆ ಬಟ್ಟೆಯ ಅಂಚು ಹೊಲಿದುಕೊಡುತ್ತ ಕೇಳಿದೆ: “ಜಾಡಿ ಯಾವಾಗ ತುಂಬಿಸಿದ್ರಿ?”

“ಜಗಳ ಮುಗಿದ ಮ್ಯಾಲೆ. ಹನ್ನೊಂದೂವರೆಗೆ ಇಟ್ಟೆ, ಎರಡೂವರೆಗೆ ಇಳಿಸ್ದೆ. ಕನ್ನಡಿ ಹಿಡಿದು ತುಂಬ್ಸಿವ್ನಿ, ತುಳುಕ್ತಾ ಐತೆ!”

“ಹಾಗಾದ್ರೆ ಇದು ಮಧ್ಯಾಹ್ನದ ಬಿಸಿಲಲ್ವಾ?”

“ಬಿಸಿಲು ಬಿಸಿಲೇ ಕಣಕ್ಕ! ಅದರಾಗೆ ಬೆಳಗ್ಗೆ ಮಧ್ಯಾಹ್ನ ಅಂತ ಬರೆದಿರ್ತದಾ?”

ನಾನು ಹೊಲಿಗೆಯವಳು. ಅಂಚು ಮುಗಿಸಿ ಕೊಟ್ಟೆ.

ಮಾರನೆಯ ದಿನ ನಾಲ್ಕೂ ಹತ್ತಕ್ಕೆ ಗೋಡೆಯಾಚೆ ಅಲಮೇಲು ನನ್ನ ಹೆಸರು ಹಿಡಿದು ಕೂಗಿದಳು. ಹೋದೆ. ಹಿಂದೆಯೇ ತಾಯಮ್ಮ, ಚೆಲುವಯ್ಯ.

ಕೊಳವೆಯ ಬಾಯಿಂದ ಭಟ್ಟರ ಮುಖಕ್ಕೆ ನಡು ಮಧ್ಯಾಹ್ನದ ರಣಬಿಸಿಲು ಸುರಿದಿತ್ತು. ಅವರು ಎದ್ದಿದ್ದರು, ಅದು ನಿಜ. ಕಣ್ಣು ಕಿರಿದು ಮಾಡಿ, ಹಣೆಯ ಬೆವರು ಒರೆಸಿ, “ಏನು ಬಿಸಿಲು, ಏನು ಬಿಸಿಲು!” ಎಂದು ಎದ್ದು ಕೂತರಂತೆ. ಆಮೇಲೆ ಅವರ ಮೈ ಇಪ್ಪತ್ತು ವರ್ಷದ ಅಭ್ಯಾಸದಂತೆ ನಡೆದುಕೊಂಡಿತು. ಮಧ್ಯಾಹ್ನದ ಬಿಸಿಲು ಅಂದರೆ ದೇವಸ್ಥಾನದ ಬಾಗಿಲು ಹಾಕಿ ಬಂದ ಹೊತ್ತು. ಉತ್ತರೀಯ ಮಡಚಿ ತಲೆದಿಂಬು ಮಾಡಿಕೊಂಡು, ಹಜಾರದ ತಣ್ಣನೆಯ ನೆಲದಲ್ಲಿ ಅಂಗಾತ ಮಲಗಿ, ಕಣ್ಣಿನ ಮೇಲೆ ಒದ್ದೆ ಟವೆಲು ಹಾಕಿಕೊಂಡು, ಗೊರಕೆ!

“ಎಬ್ಬಿಸಮ್ಮ!” ಅಂದೆ.

“ಆಗಲ್ಲ ಪಂಕಜಮ್ಮ! ರಾತ್ರಿಯ ಗೊರಕೆ ಬೇರೆ, ಇದು ಬೇರೆ. ಇದು ಮಧ್ಯಾಹ್ನದ್ದು!” ಅಲಮೇಲು ಅಳತೊಡಗಿದಳು. “ಹಬ್ಬದ ಊಟ ಆದ ದಿನ ಈ ಥರ ಮಲಗಿದ್ರೆ ನಾಲ್ಕು ಗಂಟೆ ಏಳಲ್ಲ!”

ಅಲುಗಾಡಿಸಿದೆವು. ಗಂಟೆ ಬಾರಿಸಿದೆವು. ತಾಯಮ್ಮ ಒಂದು ಚೆಂಬು ನೀರು ತಂದು ಮುಖಕ್ಕೆ ಹಾಕಿದಳು. “ಬಟ್ಟೆ ಒಳಗೆ ತಗೋ, ಮಳೆ,” ಎಂದು ಮಗ್ಗುಲಾದರು.

“ಎಳೆ ಬಿಸಿಲು ಬೇಕು!” ಚೆಲುವಯ್ಯನವರು ಖಾಲಿ ಜಾಡಿ ಅಪ್ಪಿಕೊಂಡು ಎದ್ದರು. “ಮೊನ್ನೆ ತುಂಬಿಸಿದಂಥ ಎಳೆ ಬಿಸಿಲು ಒಂದು ಬೊಗಸೆ ಸಿಕ್ಕಿದ್ರೆ ಎರಡೇ ನಿಮಿಷದಾಗೆ ಎಬ್ಬಿಸ್ತೀನಿ!”

“ಎಳೆ ಬಿಸಿಲು ಬರೋದು ಸೂರ್ಯ ಹುಟ್ಟಿದ್ಮೇಲೆ ಅಲ್ವಾ?” ತಾಯಮ್ಮ ಸೊಂಟಕ್ಕೆ ಕೈಯಿಟ್ಟಳು. “ಸೂರ್ಯ ಹುಟ್ಟಿದ್ಮೇಲೆ ಎಬ್ಬಿಸಿ ಏನ್ ಮಾಡ್ತೀರಿ, ಮುಖ ನೋಡ್ತೀರಾ?”

“ಮೊದಲನೇ ಎಳೆಯನ್ನೇ ಹಿಡೀತೀನಿ! ಯಾರ ಕಣ್ಣಿಗೂ ಬೀಳೋ ಮುಂಚೆ!”

ಓಡಿಹೋಗಿ ತಮ್ಮ ಮಾಳಿಗೆ ಹತ್ತಿದರು. ಬಾಣಲೆಯಷ್ಟು ಅಗಲದ ಪ್ರೊಜೆಕ್ಟರ್ ಕನ್ನಡಿ, ಎರಡು ದೊಡ್ಡ ಗಾಜು, ಜಾಡಿಯ ಮುಚ್ಚಳ ಪೂರ್ತಿ ತೆಗೆದು, ಎಲ್ಲವನ್ನೂ ಪೂರ್ವಕ್ಕೆ ತಿರುಗಿಸಿ ಕೂತರು. ಇತ್ತ ಭಟ್ಟರ ಮನೆಯಲ್ಲಿ ಅಲಮೇಲು ಗಂಡನ ತಲೆಯ ಹತ್ತಿರ ಕೂತು ಕಿಟಕಿಯನ್ನೇ ನೋಡುತ್ತಿದ್ದಳು. ನಾನೂ ತಾಯಮ್ಮನೂ ಪಕ್ಕದಲ್ಲಿ ಕೂತೆವು.

ಆರಾಯಿತು. ಆರು ನಲವತ್ತಾಯಿತು. ಕಿಟಕಿ ಕಪ್ಪಗೇ ಇತ್ತು.

ಏಳಾಯಿತು. ಕಪ್ಪಗೇ ಇತ್ತು.

“ಮೋಡ ಇರ್ಬೇಕು,” ಅಂದಳು ತಾಯಮ್ಮ. ಹೊರಗೆ ಬಂದು ತಲೆಯೆತ್ತಿದೆ. ಒಂದು ಮೋಡವಿಲ್ಲ, ಗಿಜಿಗಿಜಿ ನಕ್ಷತ್ರ. ಆಮೇಲೆ ಬೀದಿಯ ಬಾಯಿಯ ಕಡೆ ನೋಡಿದೆ. ಅಲ್ಲಿ, ಪೇಟೆ ಕಡೆ ತಿರುಗುವ ಮೂಲೆಯಲ್ಲಿ, ಚಾಕುವಿನಿಂದ ಕತ್ತರಿಸಿದಂತೆ ಕತ್ತಲು ಮುಗಿದು ಬೆಳಗು ಶುರುವಾಗುತ್ತಿತ್ತು. ಆಚೆ ಬಸ್ಸು ಓಡಾಡುತ್ತಿತ್ತು, ಸೊಪ್ಪಿನವಳು ಕೂಗುತ್ತಿದ್ದಳು, ಬಿಸಿಲು. ಈಚೆ ನಮ್ಮ ಬೀದಿ, ರಾತ್ರಿ. ಜನರಿಲ್ಲ. ಹುಂಜ ಕೂಡ ಎದ್ದಿರಲಿಲ್ಲ.

“ಚೆಲುವಯ್ಯನವರೇ!” ಮಾಳಿಗೆಗೆ ಕೂಗಿದೆ. “ನಿಮ್ಮ ಜಾಡಿ ಏನು ಮಾಡ್ತಾ ಇದೆ?”

“ಕುಡೀತಾ ಐತೆ ಕಣಕ್ಕ!” ಕತ್ತಲಿನಿಂದ ಉತ್ತರ ಬಂತು. “ಒಳ್ಳೆ ಬಾಯಾರಿಕೆ ಇತ್ತು ಅಂತ ಕಾಣ್ತದೆ. ಒಂದು ತೊಟ್ಟೂ ಕೆಳಗೆ ಬೀಳಿಸ್ತಾ ಇಲ್ಲ!”

“ಮುಚ್ಚಳ ಹಾಕಿ!” ಅಂದಳು ತಾಯಮ್ಮ.

“ಬೇಡ!” ಎಂದು ಹಿಂದಿನಿಂದ ಅಲಮೇಲು. ಅವಳು ಹೊಸ್ತಿಲ ಮೇಲೆ ನಿಂತು ಗೋಪುರದ ಕಡೆ ನೋಡುತ್ತಿದ್ದಳು. ಗೋಪುರ ಇದೆಯೋ ಇಲ್ಲವೋ ಎಂಬಷ್ಟು ಕತ್ತಲು. “ಚೆಲುವಯ್ಯನವರೇ, ದಮ್ಮಯ್ಯ, ಮುಚ್ಚಳ ಹಾಕ್ಬೇಡಿ. ಇನ್ನೂ ಕುಡೀಲಿ!”

*

ಎಂಟೂ ಹತ್ತಕ್ಕೆ ಭಟ್ಟರು ತಾವಾಗಿ ಎದ್ದರು. ಯಾರೂ ಎಬ್ಬಿಸಲಿಲ್ಲ. ಮೈ ಮುರಿದು, ಕಿಟಕಿಯ ಕಡೆ ನೋಡಿ, “ಆಹಾ, ಇನ್ನೂ ಕತ್ತಲಿದೆ. ಎಷ್ಟು ಚೆನ್ನಾಗಿ ನಿದ್ದೆ ಬಂತು!” ಎಂದರು. ಅಲಮೇಲು ನಮಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನಾವು ಬಾಯಿ ಬಿಡಲಿಲ್ಲ.

ನಾವು ದೇವಸ್ಥಾನ ತಲುಪುವಷ್ಟರಲ್ಲಿ, ಹಿಂದಿನ ದಿನ ನಾಲ್ಕಕ್ಕೇ ಎದ್ದ ಸುಸ್ತಿಗೆ ಮಲಗಿಬಿಟ್ಟಿದ್ದ ಬೀದಿಯ ಜನ ಒಬ್ಬೊಬ್ಬರೇ ಹೊರಗೆ ಬರುತ್ತಿದ್ದರು. ಮೇಷ್ಟ್ರೂ ಬಂದರು. ಹಿಂದಿನ ದಿನ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿದ್ದರಿಂದ ಅವರ ಗಡಿಯಾರ ನಿಂತೇಹೋಗಿತ್ತು. ಬೆಳಕು ನೋಡಿ ಏಳೋಣವೆಂದು ಮಲಗಿದ್ದವರು, ಬೆಳಕು ಬರದೆ ಕೊನೆಗೆ ಹಸಿವಾಗಿ ಎದ್ದಿದ್ದರು.

ಆ ದಿನದ ಪೂಜೆಯ ಬಗ್ಗೆ ಒಂದು ಮಾತು ಹೇಳಲೇಬೇ‌ಕು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಆ ದೇವಸ್ಥಾನಕ್ಕೆ ಹೋಗುತ್ತಿದ್ದೇನೆ, ಅಂಥ ಪೂಜೆ ನೋಡಿಲ್ಲ. ಭಟ್ಟರ ಕಂಠ ಬಿಚ್ಚಿಕೊಂಡಿತ್ತು. ಒಂದು ಹೂವು ತಪ್ಪಲಿಲ್ಲ. ತೀರ್ಥ ತೀರ್ಥದ ಬಟ್ಟಲಿನಿಂದಲೇ ಬಂತು. ಹುಗ್ಗಿಗೆ ಮೆಣಸು ಶುಂಠಿ ಹದವಾಗಿ ಬಿದ್ದಿತ್ತು. ಭಕ್ತರ ಸಾಲಿನಲ್ಲೂ ತೂಕಡಿಸುವವರಿಲ್ಲ. ಎಲ್ಲರೂ ಕಣ್ಣು ಬಿಟ್ಟು ದೇವರನ್ನು ನೋಡುತ್ತಿದ್ದರು. ದೇವರು ಬಹಳ ಚೆನ್ನಾಗಿದ್ದಾನೆ ಎಂದು ಕೆಲವರಿಗೆ ಅವತ್ತೇ ಗೊತ್ತಾದದ್ದು.

ಮಂಗಳಾರತಿಯ ತಟ್ಟೆಗೆ ಕರ್ಪೂರ ಹಾಕುವ ಹೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು.

“ನಿಲ್ಲಿಸಿ! ಏನಿದು ಅನ್ಯಾಯ!” ದಾಯಾದಿ ವರದಣ್ಣ ಏದುಸಿರು ಬಿಡುತ್ತ ನುಗ್ಗಿದರು. ಬೀದಿಯ ಮೂಲೆಯಲ್ಲಿ ಸ್ಕೂಟರಿನ ಮುಂದಿನ ಚಕ್ರ ರಾತ್ರಿಯಲ್ಲಿ, ಹಿಂದಿನ ಚಕ್ರ ಬೆಳಗಿನಲ್ಲಿ ಇಟ್ಟುಕೊಂಡು ಅವರು ಮುಕ್ಕಾಲು ಗಂಟೆ ನಿಂತಿದ್ದರಂತೆ, ಒಳಗೆ ಬರಲು ಧೈರ್ಯವಾಗದೆ. “ಮೇಷ್ಟ್ರೇ, ಗಂಟೆ ಒಂಬತ್ತು ದಾಟಿದೆ! ಈಗ ಧನುರ್ಮಾಸದ ಮಂಗಳಾರತಿಯೇ? ಸೂರ್ಯ ಹುಟ್ಟಿ ಎರಡೂವರೆ ಗಂಟೆ ಆಯ್ತು!”

ಭಟ್ಟರ ಕೈಯಲ್ಲಿ ತಟ್ಟೆ ನಿಂತಿತು. ಅವರು ಅಲಮೇಲುವನ್ನು ನೋಡಿದರು, ಅಲಮೇಲು ನೆಲ ನೋಡಿದಳು. ಅವರಿಗೆ ಎಲ್ಲ ಅರ್ಥವಾಯಿತೆಂದು ಕಾಣುತ್ತದೆ.

“ಎಲ್ಲಿ ಹುಟ್ಟಿದ?” ಮೇಷ್ಟ್ರು ಕೇಳಿದರು.

“ಎಲ್ಲಿ ಅಂದ್ರೆ? ನಮ್ಮೂರಲ್ಲಿ! ಪೇಟೆಯಲ್ಲಿ! ಎಲ್ಲಾ ಕಡೆ!”

“ನಿಮ್ಮೂರ ಸೂರ್ಯ ಕಟ್ಕೊಂಡು ನಮಗೇನಾಗ್ಬೇಕು ಸ್ವಾಮಿ?” ಮೇಷ್ಟ್ರು ಪಂಚಾಂಗ ಬಿಚ್ಚಿ ದೀಪಕ್ಕೆ ಹಿಡಿದರು. “ಇಲ್ನೋಡಿ. ‘ಆಯಾ ಸ್ಥಳದ ಸೂರ್ಯೋದಯವನ್ನು ಅನುಸರಿಸಿ’ ಅಂತ ಅಚ್ಚಾಗದೆ. ನಮ್ಮ ಸ್ಥಳ ಇದು.” ಜನರನ್ನು ಸರಿಸಿ ಹೊರಗೆ ಬಂದರು. ನಾವೆಲ್ಲ ಹಿಂದೆ. ತಲೆ ಎತ್ತಿ ಗೋಪುರವನ್ನು ದಿಟ್ಟಿಸಿದರು. ಕಳಶದ ನೆತ್ತಿಯ ಮೇಲೆ ಒಂದು ನಕ್ಷತ್ರ ಮಿನುಗುತ್ತಿತ್ತು. “ಕಳಶದ ಮ್ಯಾಲೆ ಬಿಸಿಲು ಐತಾ?”

“ಇಲ್ಲ, ಆದ್ರೆ…”

“ಯಾರಿಗಾದ್ರೂ ಕಾಣ್ತಾ ಐತಾ?”

“ಇಲ್ಲ!” ಇಡೀ ಬೀದಿ ಒಂದೇ ದನಿಯಲ್ಲಿ ಹೇಳಿತು. ಎಲ್ಲರಿಗಿಂತ ಜೋರಾಗಿ ತಾಯಮ್ಮ.

“ಭಟ್ರೇ, ಮಂಗಳಾರತಿ ಆಗ್ಲಿ!”

ಆಯಿತು. ಗಂಟೆ, ಜಾಗಟೆ, ಶಂಖ ಎಲ್ಲ ಒಟ್ಟಿಗೆ. ಭಟ್ಟರು ತಟ್ಟೆ ಇಳಿಸಿ ಮೇಷ್ಟ್ರ ಮುಂದೆ ಹಿಡಿದರು. ಮೇಷ್ಟ್ರು ಆರತಿ ತೆಗೆದುಕೊಂಡು, ಅವರ ಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟರು.

ಆ ಹೊತ್ತಿಗೇ ಮಾಳಿಗೆಯ ಮೇಲಿನ ಜಾಡಿಗೆ ಹೊಟ್ಟೆ ತುಂಬಿತು. ದೊಡ್ಡದೊಂದು ತೇಗು! ಬೀದಿಗೆಲ್ಲ ಕೇಳಿಸಿತು. ಮರುಕ್ಷಣ ಒಂಬತ್ತೂ ಇಪ್ಪತ್ತರ ಬಿಸಿಲು ಸೋರೆಬುರುಡೆ ಒಡೆದಂತೆ ನಮ್ಮ ತಲೆಯ ಮೇಲೆ ದಡಾರನೆ ಬಿತ್ತು. ನಡುವೆ ಅರುಣೋದಯ ಗಿರುಣೋದಯ ಏನೂ ಇಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡರು. ತಾಯಮ್ಮನ ಹುಂಜ ಗಾಬರಿಯಿಂದ ಎದ್ದು, ಅರ್ಧ ಕೂಗಿ, ಏನೂ ತೋಚದೆ ನಿಲ್ಲಿಸಿತು.

ವರದಣ್ಣನವರಿಗೂ ಒಂದು ದೊನ್ನೆ ಹುಗ್ಗಿ ಕೊಟ್ಟರು. ತಿಂದು, ಇನ್ನೊಂದು ದೊನ್ನೆ ಕೇಳಿದರು. ಮೇಷ್ಟ್ರು ಜಗಲಿಯ ಮೇಲೆ ಕೂತು ಬೆರಳು ನೆಕ್ಕುತ್ತಿದ್ದರು. ಮಾಳಿಗೆಯಿಂದ ಇಳಿದ ಚೆಲುವಯ್ಯ ಜಾಡಿ ಹಿಡಿದುಕೊಂಡು, ಬೈಗುಳಕ್ಕೆ ಸಿದ್ಧರಾಗಿ ಎದುರಿಗೆ ನಿಂತರು.

“ಚೆಲುವಯ್ಯ,” ಮೇಷ್ಟ್ರು ದನಿ ತಗ್ಗಿಸಿದರು, “ನಾನು ಅಧ್ಯಕ್ಷ ಆಗಿ ಹನ್ನೊಂದು ವರ್ಷ. ಆಕಳಿಸದೇ ಮಂಗಳಾರತಿ ನೋಡಿದ್ದು ಇವತ್ತೇ.”

“ತಮ್ಮದೂ ಹಂಗೇನಾ ಮೇಷ್ಟ್ರೇ?”

“ಎಲ್ಲಾರ್ದೂ ಹಂಗೇ ಕಣಯ್ಯ. ಯಾರ್ ಮೊದಲು ಹೇಳೋರು? ಅದಿರ್ಲಿ. ಈ ಜಾಡಿ ತುಂಬಿದ್ದು ಖಾಲಿ ಆಗೋಕೆ ಎಷ್ಟು ಹೊತ್ತು ಬೇಕು?”

“ಸಾಯಂಕಾಲ ತೆಗೆದಿಟ್ರೆ ಊಟದ ಹೊತ್ತಿಗೆ ಖಾಲಿ.”

“ಸಾಯಂಕಾಲ ತೆಗೆದಿಡು. ತಾಯಮ್ಮ ಸಂಡಿಗೆ ಒಣಗಿಸ್ಕಳ್ಳಲಿ. ಬೆಳಗಿನ ಜಾವ ಮತ್ತೆ ಮಾಳಿಗೆ ಮ್ಯಾಲೆ ಇಡು. ಸಂಕ್ರಾಂತಿ ಗಂಟ.”

“ನನ್ನ ಜಾಡಿ!” ಎಂದು ಬಾಯಿ ತೆರೆದ ತಾಯಮ್ಮ, ಅಲಮೇಲುವಿನ ಮುಖ ನೋಡಿ, “ಆಯ್ತು, ನೆಲ್ಲಿಕಾಯಿ ಸಂಕ್ರಾಂತಿ ಆದ್ಮೇಲೆ ಹಾಕ್ತೀನಿ. ಬ್ಯಾರೆ ಜಾಡಿಗೆ! ಇದರ ಬಾಯಾಗೆ ನಾನು ಇನ್ನೇನೂ ಇಡಾಕಿಲ್ಲ!” ಎಂದಳು.

“ಮೇಷ್ಟ್ರೇ, ಆಗಲೂ ನಾನು ನಾಲ್ಕಕ್ಕೇ ಏಳಬೇಕೇ?” ಭಟ್ಟರು ಮೆಲ್ಲಗೆ ಕೇಳಿದರು.

ಮೇಷ್ಟ್ರು ಎದ್ದು, ದೇವಸ್ಥಾನದ ಬಾಗಿಲ ಪಕ್ಕದ ಕರಿಹಲಗೆಯನ್ನು ಹೆಗಲ ಟವೆಲಿನಿಂದ ಒರೆಸಿ, ಬಳಪ ತೆಗೆದುಕೊಂಡು ಬರೆದರು: “ನಾಳೆ ಬ್ರಾಹ್ಮೀ ಮುಹೂರ್ತ ಬೆಳಿಗ್ಗೆ ಎಂಟೂವರೆಗೆ. ಭಕ್ತಾದಿಗಳು ಸಾವಕಾಶವಾಗಿ ಬರುವುದು.”

ಅಕ್ಷರ ಎಂದಿನಂತೆ ದುಂಡಗಿತ್ತು.